ನೇಗಿಲು ಮಗನ ಕೈಗೆ ಕೊಟ್ಟ ಮೇಲೆ



ಈ ಹೊತ್ತು ನಾನು ಗೊಬ್ಬರದ ಲೆಕ್ಕ ಹೇಳುವುದಕ್ಕೆ ಬಂದಿಲ್ಲ. ಹುಳುವಿನ ಹತೋಟಿ ಹೇಳುವುದಕ್ಕೂ ಬಂದಿಲ್ಲ. ಆರಂಭ ಬಿಡುವ ವಿಚಾರ ಹೇಳಬೇಕೆಂದಿದ್ದೇನೆ. ಗಾಬರಿಯಾಗಬೇಡಿ, ಹೊಲ ಮಾರುವ ಮಾತಲ್ಲ ಇದು. ಐವತ್ತು, ಐವತ್ತೈದು ವರ್ಷಕ್ಕೆ ಬಂದ ಯಜಮಾನರು ಆರಂಭದ ಭಾರವನ್ನು ಮಗನ ಹೆಗಲಿಗೆ ದಾಟಿಸಿದ ಮೇಲೆ, ಬೆಳಗಾದರೆ ಎದ್ದು ಏನು ಮಾಡಬೇಕು ಎಂಬ ವಿಚಾರ.

"ನಿನಗೇನಯ್ಯ ಗೊತ್ತು, ನಿನ್ನೆ ಮೊನ್ನೆ ಹುಟ್ಟಿದವನು" ಎಂದು ಹಿರಿಯರು ಕೇಳಬಹುದು. ಕೇಳಲಿ. ನಾನು ಈಚೆಗೆ ಮೂವತ್ತು ದಾಟಿದವನು, ಓದಿದ್ದು ಕೃಷಿ ಡಿಪ್ಲೊಮಾ. ಹಿರಿಯರಿಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಆದರೆ ನನ್ನ ಕೆಲಸದಲ್ಲಿ ಒಂದು ಅನುಕೂಲ ಉಂಟು. ರೈತ ಸಂಪರ್ಕ ಕೇಂದ್ರದ ಬಾಗಿಲಲ್ಲಿ ಮಗ ನಿಂತು ಅಪ್ಪನ ಮೇಲೆ ದೂರು ಹೇಳುತ್ತಾನೆ. ಹೊಲದ ಬದುವಿನ ಮೇಲೆ ಅಪ್ಪ ನಿಂತು ಮಗನ ಮೇಲೆ ದೂರು ಹೇಳುತ್ತಾರೆ. ಎರಡು ಕಡೆಯ ಮಾತೂ ಒಂದೇ ದಿನ ಒಂದೇ ಕಿವಿಗೆ ಬೀಳುವುದು ನಮ್ಮಂಥವರಿಗೇ ಸರಿ.

ಮಗನ ದೂರು ಏನು? ಅವನಿಗೆ ಮೂವತ್ತೆರಡು ವರ್ಷ. ಮದುವೆಯಾಗಿದೆ, ಎರಡು ಮಕ್ಕಳಿದ್ದಾವೆ. ಒಂದು ಮೂಟೆ ಗೊಬ್ಬರ ತರಬೇಕಾದರೂ ಅಪ್ಪನ ಮುಂದೆ ಕೈ ಒಡ್ಡಬೇಕು. ರಾಗಿಯ ನಡುವೆ ಸಾಲು ಬಿಟ್ಟು ಅವರೆ ಹಾಕೋಣವೆಂದರೆ, "ನಮ್ಮಪ್ಪನ ಕಾಲದಿಂದ ಹಾಕಿಲ್ಲ" ಎಂಬ ಉತ್ತರ. ಹೀಗೆ ಐದಾರು ವರ್ಷ ಕಳೆಯುತ್ತದೆ. ಒಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಲ್ಲಿ ಯಾವುದೋ ಕಟ್ಟಡದ ಬಾಗಿಲು ಕಾಯುತ್ತಾನೆ, ಇಲ್ಲವೇ ಯಾರದೋ ಕಾರು ಓಡಿಸುತ್ತಾನೆ. ಊರಲ್ಲಿ ಸ್ವಂತ ಹೊಲವಿಟ್ಟುಕೊಂಡು ಪಟ್ಟಣದಲ್ಲಿ ಒಂದು ಕೋಣೆಗೆ ಬಾಡಿಗೆ ಕಟ್ಟುತ್ತಾನೆ. ಮಳೆ ಕೈಕೊಟ್ಟದ್ದು, ಬೆಲೆ ಬಿದ್ದದ್ದು, ಇವೆಲ್ಲ ಕಾರಣಗಳೂ ನಿಜವೇ. ಆದರೆ ಹೊಲದಲ್ಲಿ ತನ್ನ ಮಾತಿಗೆ ಬೆಲೆ ಇಲ್ಲವೆಂದು ಎದ್ದು ಹೋದ ಹುಡುಗರನ್ನೂ ನಾನು ಬಲ್ಲೆ. ಅಪ್ಪ ಎಪ್ಪತ್ತರವರೆಗೆ ಕೀಲಿಕೈ ಸೊಂಟದಲ್ಲಿಟ್ಟುಕೊಂಡರೆ ಮಗನಿಗೆ ಅದು ಸಿಗುವ ಹೊತ್ತಿಗೆ ಅವನ ತಲೆಯೂ ನೆರೆತಿರುತ್ತದೆ.

ಸರ್ಕಾರಿ ನೌಕರನಿಗೆ ನಮ್ಮ ರಾಜ್ಯದಲ್ಲಿ ಅರವತ್ತು ತುಂಬಿದ ತಿಂಗಳ ಕೊನೆಗೆ ಹಾರ ಹಾಕಿ ಕಳಿಸಿಕೊಡುತ್ತಾರೆ. ಸೈನ್ಯಕ್ಕೆ ಹೋದ ಜವಾನನು ನಲವತ್ತರ ಆಸುಪಾಸಿಗೇ ಪಿಂಚಣಿ ಪಡೆದು ಊರಿಗೆ ಬಂದುಬಿಡುತ್ತಾನೆ. ರೈತನಿಗೆ ಮಾತ್ರ ಇಂಥ ದಿನವೆಂಬುದಿಲ್ಲ, ತಾನೇ ಗೊತ್ತುಮಾಡಿಕೊಳ್ಳಬೇಕು. ಮೈಯಲ್ಲಿ ಕಸುವಿರುವಾಗಲೇ, ಐವತ್ತೈದರ ಒಳಗೆ ಗೊತ್ತುಮಾಡಿಕೊಂಡವರು ಬುದ್ಧಿವಂತರೆಂದು ನನ್ನ ಅಭಿಪ್ರಾಯ.

ಇನ್ನು ಅಪ್ಪನ ದೂರು ಕೇಳಿ. ಅವರು ಆರಂಭ ಬಿಟ್ಟಾಯಿತು. ಯುಗಾದಿಯ ದಿನ ಹೊನ್ನಾರು ಕಟ್ಟುವಾಗ ಮಗನ ಕೈಗೇ ನೇಗಿಲು ಕೊಟ್ಟರು, ಊರಿನವರೆಲ್ಲ ಮೆಚ್ಚಿದರು. ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಮೂವತ್ತೈದು ವರ್ಷದ ಅಭ್ಯಾಸ, ಕಾಲು ತಾನಾಗಿ ಹೊಲದ ದಾರಿ ಹಿಡಿಯಿತು. ಹೋಗಿ ಬದುವಿನ ಮೇಲೆ ಕೂತರು. ಕೂತವರು ಸುಮ್ಮನಿದ್ದಾರೆಯೇ?

"ಏನ್ಲಾ, ಕೂರಿಗೆ ಹಿಂಗಾ ಹಿಡಿಯೋದು? ಸಾಲು ಸೊಟ್ಟಗೆ ಹೋಯ್ತಾ ಅದೆ."

"ಅಪ್ಪಾ, ನೀನು ಮನೆಗೋಗು. ನಾನು ನೋಡ್ಕತೀನಿ."

"ಓಹೋ, ನಾನು ಬ್ಯಾಡ್ವಾದೆ ಅನ್ನು."

ಆಯಿತಲ್ಲ, ಅಲ್ಲಿಗೆ ಮಾತು ನಿಂತಿತು. ಮಧ್ಯಾಹ್ನ ಊಟಕ್ಕೆ ಅಪ್ಪ ಜಗಲಿಯಲ್ಲಿ, ಮಗ ಒಳಗೆ. ಮಾರನೆಯ ವಾರದಿಂದ ಯಜಮಾನರು ಅರಳೀಕಟ್ಟೆಗೆ ಹೋದರು. ಅರಳೀಕಟ್ಟೆಯಿಂದ ಬಸ್ ಸ್ಟ್ಯಾಂಡಿನ ಹೋಟೆಲಿಗೆ, ಅಲ್ಲಿಂದ ಇಸ್ಪೀಟಿಗೆ. ಕೆಲವರ ದಾರಿ ಇನ್ನೂ ಮುಂದೆ, ಮದ್ಯದಂಗಡಿಗೂ ಹೋಗುತ್ತದೆ. ಇನ್ನು ಕೆಲವರು ಹೊತ್ತು ಹೋಗದೆ, ಯಾವ ಕಾಲದ್ದೋ ಬದುವಿನ ವ್ಯಾಜ್ಯವನ್ನು ಕೆದಕಿ ತಾಲ್ಲೂಕಿನ ಕೋರ್ಟಿಗೆ ಅಲೆಯಲು ತೊಡಗುತ್ತಾರೆ. ಕೋರ್ಟಿನಲ್ಲಿ ಹೊತ್ತು ಹೋಗುತ್ತದೆ, ಸುಳ್ಳಲ್ಲ. ಜೊತೆಗೆ ತೆಂಗಿನಕಾಯಿ ಮಾರಿದ ದುಡ್ಡೂ ಹೋಗುತ್ತದೆ.

ಹೀಗಾಗಲು ಅಪ್ಪನೂ ಕೆಟ್ಟವರಲ್ಲ, ಮಗನೂ ಕೆಟ್ಟವನಲ್ಲ. ಬಿಟ್ಟ ಕೆಲಸದ ಜಾಗದಲ್ಲಿ ಇನ್ನೊಂದು ಕೆಲಸವನ್ನು ಇಡಲಿಲ್ಲ, ಅಷ್ಟೆ. ಆದ್ದರಿಂದ, ಆರಂಭ ಬಿಡುವ ಮನಸ್ಸಿರುವವರು ಬಿಡುವುದಕ್ಕೆ ಒಂದು ವರ್ಷ ಮುಂಚೆಯೇ ತಮ್ಮದೆಂಬ ಒಂದು ಕೆಲಸವನ್ನು ಹುಡುಕಿಟ್ಟುಕೊಳ್ಳಬೇಕು.

ಎಂಥ ಕೆಲಸ? ಆರಂಭದಲ್ಲಿ ಎರಡು ಬಗೆ ಕೆಲಸ ಉಂಟು. ಒಂದು ರಟ್ಟೆಯ ಕೆಲಸ: ಉಳುವುದು, ಅಗೆಯುವುದು, ಹೊರುವುದು. ಇನ್ನೊಂದು ಕಣ್ಣಿನ ಕೆಲಸ: ದಿನಾ ಸ್ವಲ್ಪ ಹೊತ್ತು ನಿಂತು, ನೋಡಿ, ನಿಗಾ ಮಾಡುವುದು. ಮೈತುಂಬ ಆರಂಭವಿರುವ ಸಂಸಾರದಲ್ಲಿ ಮೊದಲು ಕೈಬಿಡುವುದು ಈ ಎರಡನೆಯದನ್ನೇ. ಬಿತ್ತನೆ ಬೀಜವನ್ನು ಆರಿಸುವುದಕ್ಕೆ ಹೊತ್ತಿಲ್ಲ, ಕಸಿ ಕಟ್ಟುವುದಕ್ಕೆ ಹೊತ್ತಿಲ್ಲ, ಮಳೆ ಎಷ್ಟು ಬಿತ್ತೆಂದು ಬರೆದಿಡುವುದಕ್ಕೂ ಹೊತ್ತಿಲ್ಲ. ರಟ್ಟೆಯ ಕೆಲಸ ಮಗನಿಗೆ ಹೋಗಲಿ. ಊರಲ್ಲಿ ಯಾರಿಗೂ ಪುರಸೊತ್ತಿಲ್ಲದ ಈ ಕಣ್ಣಿನ ಕೆಲಸವನ್ನು ನೀವು ಇಟ್ಟುಕೊಳ್ಳಿ.

ಮೊದಲು ಜೇನನ್ನು ತೆಗೆದುಕೊಳ್ಳೋಣ. ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಹಳೆಯ ಗೋಡೆಯ ಸಂದು, ಮರದ ಪೊಟರೆ, ಹುತ್ತಗಳಲ್ಲಿ ಸಾಲಾಗಿ ಎರಿ ಕಟ್ಟುವ ತುಡುವೆ ಜೇನು ಒಗ್ಗುತ್ತದೆ. ಪೆಟ್ಟಿಗೆಯನ್ನು ನೆರಳಿರುವ ಕಡೆ, ಮೊಣಕಾಲೆತ್ತರದ ಕಾಲುಗಳ ಮೇಲೆ, ಬಾಗಿಲು ಮೂಡಲಿಗೆ ಮುಖವಾಗುವಂತೆ ಇಡಬೇಕು. ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ. ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ಅರ್ಧ ಗಂಟೆ ಸಾವಧಾನವಾಗಿ ನೋಡಬೇಕು. ರಾಣಿ ಮೊಟ್ಟೆ ಇಡುತ್ತಿದ್ದಾಳೆಯೇ, ತಳದಲ್ಲಿ ಮೇಣದ ಹುಳು ಸೇರಿದೆಯೇ, ಎರಿಯ ಕೆಳಗಂಚಿನಲ್ಲಿ ಹೊಸ ರಾಣಿಯ ಗೂಡು ಇಳಿಬಿದ್ದಿದೆಯೇ ಎಂದು ನೋಡಬೇಕು. ಇಳಿಬಿದ್ದಿದ್ದರೆ ಕುಟುಂಬ ಪಾಲಾಗಲು ಹೊರಟಿದೆಯೆಂದು ತಿಳಿಯಿರಿ. ಆಗ ನೀವೇ ಅದನ್ನು ಎರಡು ಪೆಟ್ಟಿಗೆಗೆ ಹಂಚಿಕೊಟ್ಟರೆ ಸರಿ. ಇಲ್ಲದಿದ್ದರೆ ಅರ್ಧ ಹುಳು ಹಾರಿಹೋಗಿ ಪಕ್ಕದೂರಿನವರ ಮರದಲ್ಲಿ ಕೂರುತ್ತದೆ. ಈ ಅರ್ಧ ಗಂಟೆಯ ತಾಳ್ಮೆ ಕುಯ್ಲಿನ ಗಡಿಬಿಡಿಯಲ್ಲಿರುವವನಿಗೆ ಎಲ್ಲಿಂದ ಬರಬೇಕು? ಜೇನು ಹೇಳಿ ಮಾಡಿಸಿದ್ದೇ ಬಿಡುವಾದವರಿಗೆ.

ಶುರುಮಾಡುವಾಗ ಹತ್ತು ಪೆಟ್ಟಿಗೆ ತರಬೇಡಿ. ಒಂದನ್ನೇ ತರುವುದೂ ಬೇಡ. ಎರಡು ತನ್ನಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿಯನ್ನು ತಂದು ಕೊಡಬಹುದು, ಕೆಲಸಗಾರ ಹುಳುಗಳು ಅದರಲ್ಲೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಒಂದೇ ಇದ್ದರೆ ಆ ದಾರಿ ಇಲ್ಲ. ಪೆಟ್ಟಿಗೆಯ ಕೆಳಗಿನ ಕೋಣೆ ಮರಿಗಳದ್ದು, ಅದರ ತಂಟೆಗೆ ಹೋಗಬಾರದು. ಮೇಲಿನ ಕೋಣೆಯ ತುಪ್ಪ ಮಾತ್ರ ನಮ್ಮದು. ಅದನ್ನೂ ಕಣ್ಣುಗಳಿಗೆ ಮುಕ್ಕಾಲು ಪಾಲು ಮೇಣದ ಮುಚ್ಚಳ ಬಿದ್ದ ಮೇಲೆಯೇ ತೆಗೆಯಬೇಕು. ಹಸಿ ತುಪ್ಪ ಹುಳಿಯುತ್ತದೆ. ತಿರುಗುವ ಯಂತ್ರದಲ್ಲಿಟ್ಟು ತೆಗೆದರೆ ಎರಿ ಹಾಳಾಗದೆ ಮತ್ತೆ ಪೆಟ್ಟಿಗೆಗೆ ಹೋಗುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಹೂವು ಕಡಿಮೆ. ಆಗ ಸಕ್ಕರೆಗೆ ಅಷ್ಟೇ ನೀರು ಸೇರಿಸಿ ಕರಗಿಸಿ, ಸಂಜೆ ಹೊತ್ತು ಪೆಟ್ಟಿಗೆಯೊಳಗೇ ಇಡಬೇಕು. ಹೊರಗೆ ಚೆಲ್ಲಿದರೆ ಬೇರೆ ಗೂಡಿನ ಹುಳುಗಳು ನುಗ್ಗಿ ಜಗಳವಾಗುತ್ತದೆ. ಹುಚ್ಚೆಳ್ಳು ಹೂಬಿಟ್ಟಾಗ, ಮಾವು ಹೂಬಿಟ್ಟಾಗ, ಬೇಸಿಗೆಯಲ್ಲಿ ಹೊಂಗೆ ಅರಳಿದಾಗ ಅವಕ್ಕೆ ಸುಗ್ಗಿ. ತೆಂಗಿನ ತೋಟವಿದ್ದರೆ ವರ್ಷವಿಡೀ ಒಂದಿಷ್ಟು ಹೂವು ಇದ್ದೇ ಇರುತ್ತದೆ. ಹುಳು ಓಡಾಡಿದ ತೋಟದಲ್ಲಿ ಕಾಯಿ ಕಟ್ಟುವುದಕ್ಕೂ ನೆರವಾಗುತ್ತದೆ. ಒಳ್ಳೆಯ ಜಾಗವಾದರೆ ಒಂದು ಕುಟುಂಬದಿಂದ ವರ್ಷಕ್ಕೆ ಆರರಿಂದ ಎಂಟು ಕಿಲೋ ತುಪ್ಪ ನಿರೀಕ್ಷಿಸಬಹುದು. ದೊಡ್ಡ ಸಂಪಾದನೆಯೆಂದು ನಾನು ಆಸೆ ತೋರಿಸುವುದಿಲ್ಲ. ಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡಲು ಮಗನ ಮುಖ ನೋಡದಿರುವಷ್ಟು ಬಂದೀತು. ಐವತ್ತೈದರ ಮನುಷ್ಯನಿಗೆ ಆ ಹತ್ತು ರೂಪಾಯಿಯ ಮರ್ಯಾದೆ ಏನೆಂಬುದು ಅವರಿಗೇ ಗೊತ್ತು.

ಹಳೆಯ ಜೇನು ಕೃಷಿಕರಿಗೆ 1991-92ರ ಕಾಲ ನೆನಪಿರಬಹುದು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಮರಿಹುಳು ಕಣ್ಣಿನೊಳಗೇ ಸತ್ತು, ನೀರು ತುಂಬಿದ ಚೀಲದಂತಾಗುವುದು ಅದರ ಗುರುತು. ಅದಕ್ಕೆ ಮದ್ದಿಲ್ಲ. ಕುಟುಂಬವನ್ನು ಬಲವಾಗಿಡುವುದು, ರೋಗ ಕಂಡ ಪೆಟ್ಟಿಗೆಯ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕದಿರುವುದು, ಕೊಳ್ಳುವಾಗ ಮರಿಗಳನ್ನು ನೋಡಿ ಕೊಳ್ಳುವುದು, ಇಷ್ಟೇ ನಮ್ಮ ಕೈಲಿರುವುದು.

ಜೇನಿನಿಂದ ಇನ್ನೊಂದು ಲಾಭವನ್ನು ಕಂಡಿದ್ದೇನೆ, ಅದು ಯಾವ ಕೈಪಿಡಿಯಲ್ಲೂ ಇಲ್ಲ. ನಮ್ಮ ಹೋಬಳಿಯ ಒಬ್ಬ ಯಜಮಾನರು ಐವತ್ನಾಲ್ಕಕ್ಕೆ ಆರಂಭ ಬಿಟ್ಟರು. ಅವರಿಗೂ ಮಗನಿಗೂ ಮೂರು ತಿಂಗಳು ಮಾತಿರಲಿಲ್ಲ. ಆಮೇಲೆ ತೋಟದ ಮೂಲೆಗೆ ಜೇನು ಪೆಟ್ಟಿಗೆ ಬಂದವು. ಮಗ ಅವರೆಗೆ ಔಷಧಿ ಹೊಡೆಯಲು ಹೊರಟ ದಿನ ಅಪ್ಪ ತಾವಾಗಿ ಹೋಗಿ, "ಹೂವು ಬಿಟ್ಟದೆ ಕಣಪ್ಪ. ಬೆಳಿಗ್ಗೆ ಹೊಡೆದರೆ ನನ್ನ ಹುಳ ಎಲ್ಲ ಸಾಯ್ತವೆ. ಹೊತ್ತು ಮುಳುಗಿದ ಮೇಲೆ ಹೊಡೀತೀಯಾ?" ಎಂದು ಕೇಳಿದರು. ಮಗ ಹಾಗೇ ಮಾಡಿದ. ಮೊದಲಾಗಿದ್ದರೆ ಅದೇ ಮಾತು "ಈಗ ಯಾಕ್ಲಾ ಹೊಡೀತೀಯ" ಎಂದು ಬಂದಿರುತ್ತಿತ್ತು, ಜಗಳವೂ ಆಗುತ್ತಿತ್ತು. ಈಗ ಒಬ್ಬ ರೈತ ಇನ್ನೊಬ್ಬ ರೈತನನ್ನು ಕೇಳಿದ ಹಾಗಾಯಿತು.

ಎರಡನೆಯದು ಕಸಿ. ಇದು ಬಲು ಒಳ್ಳೆಯ ಕೈಗೆಲಸ. ಒಂದು ಚೂಪು ಚಾಕು, ಒಂದು ಕಟ್ಟು ಪ್ಲಾಸ್ಟಿಕ್ ಪಟ್ಟಿ, ಒಂದಿಷ್ಟು ನೆರಳು, ಇಷ್ಟಿದ್ದರೆ ಸಾಕು. ಮಾವಿನ ವಾಟೆಯನ್ನು ಈ ಮಳೆಗಾಲದಲ್ಲಿ ನೆಟ್ಟರೆ ಬರುವ ಮಳೆಗಾಲಕ್ಕೆ ಸಸಿ ಕಸಿಗೆ ಬರುತ್ತದೆ. ಒಳ್ಳೆಯ ಮರದಲ್ಲಿ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ಗಾತ್ರದ ರೆಂಬೆಯ ತುದಿಯನ್ನು ಗುರುತು ಮಾಡಿಕೊಳ್ಳಿ. ಕತ್ತರಿಸುವುದಕ್ಕೆ ಎಂಟು ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಬಿಟ್ಟು ಸವರಿಬಿಡಿ, ಮೊಗ್ಗು ಉಬ್ಬುತ್ತದೆ. ಆ ಕಡ್ಡಿಯ ಬುಡವನ್ನು ಎರಡು ಕಡೆಯಿಂದಲೂ ಬೆಣೆಯಂತೆ ಕೆತ್ತಿ, ಸಸಿಯ ಎಳೆ ಕಾಂಡವನ್ನು ಅಷ್ಟೇ ಉದ್ದ ಸೀಳಿ ಕೂರಿಸಿ. ತೊಗಟೆಗೆ ತೊಗಟೆ ಒಂದು ಪಕ್ಕವಾದರೂ ಸರಿಯಾಗಿ ಕೂಡಬೇಕು, ಗುಟ್ಟೆಲ್ಲ ಇರುವುದು ಅಲ್ಲೇ. ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಕಿರಿದಾದ ಪ್ಲಾಸ್ಟಿಕ್ ಕೊಳವೆಯ ಟೋಪಿ ಹಾಕಿ ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಚಿಗುರು ಕಾಣುತ್ತದೆ.

ಮೊದಲ ವರ್ಷ ನೂರು ಕಟ್ಟಿದರೆ ಮೂವತ್ತು ಹತ್ತಿದರೂ ಸಂತೋಷಪಡಿ. ಎರಡನೆಯ ವರ್ಷಕ್ಕೆ ಕೈ ಕುದುರುತ್ತದೆ. ಎಮ್ಮೆ ಕರುವಿಗೆ ಮೂಗುದಾರ ಪೋಣಿಸಿದ ಕೈಗೆ, ನೇಗಿಲ ಗುಳ ಕೂರಿಸಿದ ಕೈಗೆ ಇದು ಬರದ ವಿದ್ಯೆಯಲ್ಲ.

ಹಲಸಿಗೂ ಕಸಿಯೇ ಮೇಲು. ಬೀಜದಿಂದ ಬಂದ ಹಲಸು ತಾಯಿಮರದಂತೆಯೇ ಆಗುವುದೆಂಬ ಖಾತ್ರಿ ಇಲ್ಲ. ತೊಳೆ ಸಿಹಿಯೋ ಸಪ್ಪೆಯೋ ಎಂದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ: ಐವತ್ತೆರಡಕ್ಕೆ ನೆಟ್ಟರೆ ಐವತ್ತೇಳಕ್ಕೆ ನಿಮ್ಮ ಮರದ ಹಣ್ಣನ್ನು ನೀವೇ ಕೊಯ್ಯಬಹುದು. "ಇನ್ನು ನಾನು ನೆಟ್ಟು ಯಾರು ತಿನ್ನಬೇಕು" ಎನ್ನುವ ಮಾತಿಗೆ ಇಲ್ಲಿ ಎಡೆಯೇ ಇಲ್ಲ. ಬೇಗ ಬಿಟ್ಟವರಿಗೆ ಇರುವ ಅನುಕೂಲ ಇದೇ ನೋಡಿ. ಎಪ್ಪತ್ತಕ್ಕೆ ಬಿಟ್ಟವರಿಗೆ ಈ ಲೆಕ್ಕ ಕೂಡಿಬರುವುದು ಕಷ್ಟ.

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಕಥೆಯನ್ನು ನೀವು ಕೇಳಿರಬಹುದು. ತಂದೆ ನೆಟ್ಟ ಒಂದು ಮರ. ತೊಳೆ ತಾಮ್ರದ ಕೆಂಪು, ಹಣ್ಣು ಚಿಕ್ಕದು, ರುಚಿ ಬಹಳ. ಮಗ ಆ ಮರವನ್ನು ಕಾಪಾಡಿಕೊಂಡು ಬಂದ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ತಂದೆಯ ಹೆಸರಿನಿಂದ 'ಸಿದ್ದು' ಎಂದು ಕರೆದು, 2017ರಲ್ಲಿ ಕಸಿ ಗಿಡಗಳ ಮಾರಾಟಕ್ಕೆ ಆ ರೈತನೊಡನೆ ಒಪ್ಪಂದ ಮಾಡಿಕೊಂಡರು. ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತನಿಗೇ. ನಿಮ್ಮೂರಿನಲ್ಲೂ ಇಂಥ ಮರ ಒಂದಾದರೂ ಇರುತ್ತದೆ. ಯಾರದೋ ಹಿತ್ತಲ ಹುಣಿಸೆ, ಕೆರೆ ಏರಿಯ ನೇರಳೆ, ಉಪ್ಪಿನಕಾಯಿಗೆ ಊರೇ ಹುಡುಕಿಕೊಂಡು ಹೋಗುವ ಮಾವು. ಆ ಮರಗಳಿಗೂ ವಯಸ್ಸಾಗುತ್ತದೆ, ರಸ್ತೆ ಅಗಲ ಮಾಡುವವರೂ ಬರುತ್ತಾರೆ. ಊರೆಲ್ಲ ತಿರುಗಿ ಅಂಥ ಮರಗಳ ಪಟ್ಟಿ ಮಾಡಿ, ಒಂದೊಂದರಿಂದ ಹತ್ತು ಹತ್ತು ಕಸಿ ಕಟ್ಟಿದರೆ ಆ ರುಚಿ ಊರಲ್ಲೇ ಉಳಿಯುತ್ತದೆ. ಶಾಲೆಯ ಮಕ್ಕಳನ್ನು ಕರೆದು ಕೂರಿಸಿಕೊಂಡು ಕಟ್ಟಿ ತೋರಿಸಿ, ಮೇಷ್ಟ್ರು ಬೇಡವೆನ್ನಲಾರರು.

ಮೂರನೆಯದಕ್ಕೆ ದುಡ್ಡು ಬೇಕಿಲ್ಲ. ಮಳೆಯ ಪುಸ್ತಕ ಬರೆಯುವುದು. ಅಶ್ವಿನಿ, ಭರಣಿಯಿಂದ ಹಿಡಿದು ಸ್ವಾತಿ, ವಿಶಾಖೆವರೆಗೆ ಮಳೆಗಳ ಹೆಸರು ನಿಮಗೆ ಬಾಯಲ್ಲೇ ಇದೆ. ಯಾವ ವರ್ಷ ಆರಿದ್ರ ಕೈಕೊಟ್ಟಿತು, ಯಾವ ವರ್ಷ ಹಸ್ತದಲ್ಲಿ ಕೆರೆ ಕೋಡಿ ಬಿತ್ತು ಎಂಬುದೂ ನೆನಪಿದೆ. ಆದರೆ ನೆನಪು ಸವೆಯುತ್ತದೆ, ಹತ್ತು ಜನ ಹತ್ತು ವರ್ಷ ಹೇಳುತ್ತಾರೆ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮರ, ಸೂರು ಹತ್ತಿರವಿಲ್ಲದ ಬಯಲಲ್ಲಿ ಅಲುಗದಂತೆ ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಬಿಟ್ಟು ನೀರು ಎಷ್ಟು ಮಿಲಿಮೀಟರ್ ನಿಂತಿದೆಯೆಂದು ಬರೆದುಕೊಂಡು ಚೆಲ್ಲಿಬಿಡಿ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಅವರ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರ್ ಬಿದ್ದರೆ ಅದು ಮಳೆಯ ದಿನ.

ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಇಪ್ಪತ್ತೈದು ಮಿಲಿಮೀಟರ್, ಅಂದರೆ ಹಳೆಯ ಲೆಕ್ಕದ ಒಂದು ಇಂಚು ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ಕೃಷಿಹೊಂಡ ತೆಗೆಸುವಾಗ, ಬದು ಹಾಕಿಸುವಾಗ ಈ ಲೆಕ್ಕ ಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಸರಿ. ಆದರೆ ದನದ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯದ ಮಳೆ ನಮ್ಮದು. ನಿಮ್ಮ ಹೊಲದ ಲೆಕ್ಕ ನಿಮ್ಮಲ್ಲೇ ಇರಬೇಕು. ಪಕ್ಕದಲ್ಲಿ ಬಿತ್ತಿದ ದಿನ, ಹೂವಾಡಿದ ದಿನ, ಹುಳು ಬಿದ್ದ ದಿನ ಬರೆದಿಡಿ. ಐದು ವರ್ಷದ ಪುಸ್ತಕ ಕೈಲಿದ್ದರೆ ಯಾವ ಮಳೆಗೆ ಬಿತ್ತಬೇಕೆಂದು ಮಗನೇ ಬಂದು ನಿಮ್ಮನ್ನು ಕೇಳುತ್ತಾನೆ. ಕೇಳುವವರೆಗೆ ಹೇಳಬೇಡಿ, ಇದೊಂದು ನನ್ನ ಅರಿಕೆ. ಆರಂಭ ಬಿಟ್ಟ ಮೊದಲ ಹಂಗಾಮಿನಲ್ಲಿ ಸಾಲು ಸೊಟ್ಟಗಾದರೂ ತುಟಿ ಬಿಚ್ಚಬೇಡಿ. ಸೊಟ್ಟ ಸಾಲಿನಲ್ಲೂ ರಾಗಿ ಬೆಳೆಯುತ್ತದೆ.

ಇಷ್ಟು ಹೊತ್ತು ಯಜಮಾನರ ಮಾತಾಯಿತು. ಯಜಮಾನರು ಬಿಟ್ಟರು, ಯಜಮಾನಿ ಬಿಟ್ಟರೇ? ಒಂದು ಊರಿನಲ್ಲಿ ಈ ವಿಚಾರ ಮಾತಾಡುತ್ತಿದ್ದಾಗ ಬಾಗಿಲ ಹಿಂದೆ ಮೊರ ಹಿಡಿದಿದ್ದ ತಾಯಿಯೊಬ್ಬರು, "ಗಂಡಸರಿಗೆ ಕೆಲಸ ಇಲ್ಲದೆ ಬೇಜಾರಂತೆ. ನನಗೆ ಬೇಜಾರಾಗೋಕೂ ಪುರಸೊತ್ತಿಲ್ಲ ಕಣಪ್ಪ" ಎಂದರು. ಎಲ್ಲರೂ ನಕ್ಕರು. ಆ ತಾಯಿ ನಗಲಿಲ್ಲ. ಗಂಡ ಮನೆಯಲ್ಲೇ ಇರಲು ಶುರುಮಾಡಿದ ಮೇಲೆ ಅವರಿಗೆ ಎರಡು ಕಾಫಿ, ಒಂದು ಬಿಸಿನೀರು ಹೆಚ್ಚಿಗೆಯಾಗಿತ್ತೇ ಹೊರತು ಏನೂ ಕಮ್ಮಿಯಾಗಿರಲಿಲ್ಲ.

ಆರಂಭ ಮಗನಿಗೆ ದಾಟುವ ದಿನವೇ ಒಲೆಯ ಯಜಮಾನಿಕೆಯೂ ಸೊಸೆಗೆ ದಾಟಬೇಕು. ಆದರೆ ಎಲ್ಲ ಭಾರವೂ ಆ ಹುಡುಗಿಯ ತಲೆಗೇ ಬೀಳಬಾರದು. ನೀರು ಸೇದುವುದು, ಸೌದೆ ಒಡೆಯುವುದು, ತಮ್ಮ ಲೋಟ ತಾವು ತೊಳೆಯುವುದು ಬಿಡುವಾಗಿರುವ ಗಂಡಸರಿಗೆ ಕಷ್ಟವಲ್ಲ. ಆಮೇಲೆ ಆ ತಾಯಿಗೆ ಏನು ಇಷ್ಟವೋ ಅವರನ್ನೇ ಕೇಳಿ. ಒಬ್ಬರಿಗೆ ತವರಿಗೆ ಹೋಗಿ ಹದಿನೈದು ದಿನ ನಿಶ್ಚಿಂತೆಯಾಗಿರಬೇಕೆಂಬ ಆಸೆ ಇರಬಹುದು. ಒಬ್ಬರಿಗೆ ಸೋಬಾನೆ ಪದ ಹೇಳುವ ಗುಂಪಿನೊಡನೆ ಊರೂರಿಗೆ ಹೋಗುವ ಆಸೆ. ಒಬ್ಬರಿಗೆ ಅಕ್ಷರ ಕಲಿತು ಬಸ್ಸಿನ ಬೋರ್ಡು ಓದುವ ಆಸೆ.

ಬೀಜ ಕಾಯುವ ವಿದ್ಯೆ ಮಾತ್ರ ಈ ತಾಯಂದಿರ ಕೈಯಲ್ಲೇ ಇದೆ, ಅದು ಅವರೊಡನೆ ಮುಗಿದುಹೋಗಬಾರದು. ನಾಟಿ ಅವರೆ, ತೊಗರಿ, ಅಲಸಂದೆ, ಹೀರೆ, ಸೋರೆಯ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿಡುವುದು ಎಲ್ಲರಿಗೂ ತಿಳಿದದ್ದೇ. ಕಾಳನ್ನು ಚೆನ್ನಾಗಿ ಒಣಗಿಸಿ, ಕಿಲೋಗೆ ಒಂದು ಸಣ್ಣ ಚಮಚ, ಅಂದರೆ ಐದು ಮಿಲಿಲೀಟರಿನಷ್ಟು ಅಡಿಗೆ ಎಣ್ಣೆ ಸವರಿಟ್ಟರೂ ಕಾಳಿನ ಹುಳು ಮೊಟ್ಟೆಯಿಡಲಾರದು. ಹಿತ್ತಲಲ್ಲಿ ಒಂದೆರಡು ಗುಂಟೆ ಬೀಜಕ್ಕೆಂದೇ ಬಿಟ್ಟು, ಮೊದಲ ಒಳ್ಳೆಯ ಕಾಯಿಗಳನ್ನು ಕೀಳದೆ ಬಲಿಯಲು ಬಿಟ್ಟರೆ ಊರಿಗೆಲ್ಲ ಬೀಜವಾಗುತ್ತದೆ.

ಬರಿಯ ಕೆಲಸವೇ ಏಕೆ, ಸಂತೋಷಕ್ಕೂ ಹೊತ್ತು ಬೇಡವೇ ಎನ್ನುತ್ತೀರಿ. ಬೇಕು. ನಮ್ಮ ಕಡೆ ಪ್ರತಿ ಊರಲ್ಲೂ ಕುರುಕ್ಷೇತ್ರ ನಾಟಕದ ಹುಚ್ಚು ಇದೆ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕೂತು ರಾಗ ಕಲಿಯುವುದಕ್ಕೆ ಐವತ್ತೈದು ಏನೂ ಹೆಚ್ಚಿನ ವಯಸ್ಸಲ್ಲ. ಆದರೆ ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟುವ ಪೈಪೋಟಿಗೆ ಇಳಿಯಬೇಡಿ. ವಿದುರನ ಪಾತ್ರ ಅಗ್ಗ, ಮಾತೂ ಒಳ್ಳೆಯದು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪತ್ರಿಕೆ, ಪುಸ್ತಕ ಇರುತ್ತವೆ. ಮಧ್ಯಾಹ್ನ ಒಂದು ಗಂಟೆ ಅಲ್ಲಿ ಕೂತರೆ ಇಸ್ಪೀಟಿಗಿಂತ ಚೆನ್ನಾಗಿ ಹೊತ್ತು ಹೋಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನು ಮಧ್ಯೆಯೇ ಹೇಳಬೇಕಿತ್ತು, ಈಗ ಹೇಳುತ್ತೇನೆ. ಕೆಲಸ ಬಿಡಿ, ಖಾತೆ ಬಿಡಬೇಡಿ. ಮಗನಿಗೆ ಬೆಳೆಯ ಯಜಮಾನಿಕೆ ಕೊಡಿ, ಖರ್ಚಿನ ಕೈಯನ್ನೂ ಕೊಡಿ. ಆದರೆ ಉತ್ಸಾಹದಲ್ಲಿ ಪಹಣಿಯನ್ನೆಲ್ಲ ದಾನಪತ್ರ ಬರೆದು ಕೊಟ್ಟುಬಿಡಬೇಡಿ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯಿದೆ ಇದೆ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲು ಅದರಲ್ಲಿ ದಾರಿ ಉಂಟು. ಆದರೆ ಆ ಅನುಕೂಲ ಹೇಳ್ತಿರುವುದು ಅರವತ್ತು ತುಂಬಿದ ಹಿರಿಯ ನಾಗರಿಕರಿಗೆ. ಐವತ್ತೆರಡಕ್ಕೇ ಬರೆದು ಕೊಟ್ಟವರು ಮಕ್ಕಳಿಂದ ಜೀವನಾಂಶವನ್ನೇನೋ ಕೇಳಬಹುದು, ಹೊಲವನ್ನು ಆ ದಾರಿಯಿಂದ ವಾಪಸು ಪಡೆಯುವುದು ಕಷ್ಟ. ಬರೆಯುವುದಕ್ಕೆ ಮುಂಚೆ ತಿಳಿದ ವಕೀಲರನ್ನು ಕೇಳಿ. ಹಾಗೆಯೇ ತೋಟದ ಒಂದು ಮೂಲೆಯಲ್ಲಿ ಐದು ಗುಂಟೆಯನ್ನು "ಇದು ಅಪ್ಪ ಅಮ್ಮಂದು" ಎಂದು ಎಲ್ಲರೆದುರು ಬಾಯಿಮಾತಿನಲ್ಲೇ ಗೊತ್ತುಮಾಡಿಕೊಳ್ಳಿ. ಜೇನು, ಕಸಿ, ಬೀಜ ಎಲ್ಲಕ್ಕೂ ಅಷ್ಟು ಸಾಕು. ಅಲ್ಲಿಗೆ ಮಗ ಬಂದು ಸಾಲು ಸೊಟ್ಟಗಿದೆ ಎನ್ನಬಾರದು.

ಜೇನು ಸಾಕಣೆಯ ತರಬೇತಿ, ಪೆಟ್ಟಿಗೆ, ಆಯಾ ವರ್ಷದ ಸಹಾಯಧನದ ವಿಚಾರವನ್ನು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಕಸಿ ಕಟ್ಟುವುದನ್ನು ಕಣ್ಣಾರೆ ನೋಡಿ ಕಲಿಯಬೇಕು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಯಾವಾಗ ತರಬೇತಿ ಇದೆಯೆಂದು ವಿಚಾರಿಸಿ ಇಬ್ಬರೂ, ಗಂಡಹೆಂಡಿರು, ಕೂಡಿ ಹೋಗಿ. ಜೇನು ಕುಟುಂಬವನ್ನು ಈಗಲೇ ತರುವ ಅವಸರ ಬೇಡ. ಮಳೆ ಹಿಂದಾಗಿ ಹುಚ್ಚೆಳ್ಳು ಹೂವಾಡುವ ಹೊತ್ತಿಗೆ ತಂದರೆ ಚೆನ್ನಾಗಿ ನೆಲೆ ನಿಲ್ಲುತ್ತವೆ. ಮಾವಿನ ವಾಟೆಯ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಹಣ್ಣು ತಿಂದ ನಾಲ್ಕು ವಾರದೊಳಗೆ ಮಣ್ಣಿಗೆ ಬೀಳದಿದ್ದರೆ ಅದು ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಇವತ್ತು ರಾತ್ರಿ ಊಟಕ್ಕೆ ಮಾವಿನ ಹಣ್ಣು ಇದ್ದರೆ ವಾಟೆಯನ್ನು ತಿಪ್ಪೆಗೆ ಎಸೆಯದೆ ತೊಳೆದು ನೆರಳಲ್ಲಿ ಆರಲು ಹಾಕಿ.